ಬಿಳಿ ಪಿಕಪ್‌ನಲ್ಲಿ ಬಂದ ಹಿರಿಯರಿಗೆ

ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ನೀವೂ ಹೇಳಲಿಲ್ಲ.

ಕಳೆದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಯೂಟಾ ರಾಜ್ಯದ ಹೋಲ್ ಇನ್ ದ ರಾಕ್ ರಸ್ತೆಯಿಂದ ಡ್ರೈ ಫೋರ್ಕ್ ಎಂಬ ಜಾಗದ ಕಡೆಗೆ ತಿರುಗಿದ ಮೇಲೆ ಮರಳಲ್ಲಿ ಹೂತುಹೋಗಿದ್ದ ಕಾರು ನಮ್ಮದು. ಫೋನಿಗೆ ಸಿಗ್ನಲ್ ಇರಲಿಲ್ಲ. ಎಸ್ಕಲಾಂಟೆ ಊರು 40 ಕಿಲೋಮೀಟರಿಗೂ ಜಾಸ್ತಿ ಹಿಂದೆ. ನಾನು ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಕೆಳಗಿಳಿಯುತ್ತಿತ್ತು. ನೀವು ಬಂದು ಮೊದಲು ಎಂಜಿನ್ ಆಫ್ ಮಾಡಿಸಿದಿರಿ. ಟೈರ್‌ಗಳ ಗಾಳಿ ಇಳಿಸಿದಿರಿ. ಟೈರ್ ಅಗಲವಾಗಿ ಹರಡಿದರೆ ಮರಳಿನ ಮೇಲೆ ನಿಲ್ಲುತ್ತದಂತೆ. ಹತ್ತೇ ನಿಮಿಷ, ಕಾರು ಹೊರಗೆ! ಆಮೇಲೆ ನಿಮ್ಮದೇ ಪಂಪಿನಿಂದ ಗಾಳಿ ತುಂಬಿಕೊಟ್ಟಿರಿ.

ಆದರೆ ನಿಜವಾದ ಉಪಕಾರ ಅದಲ್ಲ. ನಾವು ಸ್ಪೂಕಿ ಕಣಿವೆಗೆ ಇಳಿಯಬೇಕೆಂದಿದ್ದೆವು. ಕೆಲವು ಕಡೆ ಗೇಣಿಗಿಂತ ಸ್ವಲ್ಪವೇ ಜಾಸ್ತಿ ಅಗಲ ಇರುವ ಬಿರುಕು ಅದು. ನಮ್ಮ ತಲೆ ಮೇಲೆ ಬಿಸಿಲು. ನೀವು ದೂರದ ಕಪ್ಪು ಮೋಡ ತೋರಿಸಿ, ‘ಮಳೆ ಅಲ್ಲಿ ಬಿದ್ದರೂ ನೀರು ಇಲ್ಲಿಗೇ ಬರುತ್ತದೆ’ ಎಂದಿರಿ. ಸುಮ್ನೆ ಹೆದರಿಸುತ್ತಿದ್ದಾರೆ ಅನ್ನಿಸಿತ್ತು, ಕ್ಷಮಿಸಿ. ಆದರೂ ಇಳಿಯಲಿಲ್ಲ. ಸಂಜೆ ವಾಪಸ್ ಬರುವಾಗ ಬೆಳಗ್ಗೆ ಒಣಗಿದ್ದ ಹಳ್ಳದಲ್ಲಿ ಕೆಂಪು ನೀರು ನುಗ್ಗುತ್ತಿತ್ತು.

ನೀವು ಕೊಟ್ಟ ನೀರಿನ ಕ್ಯಾನ್ ಇನ್ನೂ ನನ್ನ ಹತ್ತಿರವೇ ಇದೆ. ತುಂಬಾ ತುಂಬಾ ಥ್ಯಾಂಕ್ಸ್.