ಮಂಡಕ್ಕಿ ಭಟ್ಟಿ ಹತ್ತಿರದ ಆ ಅಕ್ಕನಿಗೆ

ಅಕ್ಕಾ, ಅವತ್ತು ನಿಮ್ಮ ಹೆಸರು ಕೇಳುವುದನ್ನೇ ಮರೆತೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅವ್ವ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ 20 ವರ್ಷ ಹೊಗೆ ಕುಡಿದು ದುಡಿದವಳು. 65 ದಾಟಿದವರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ದುಡ್ಡು, ತಿಂಗಳಿಗೆ 1,200 ರೂಪಾಯಿ, ಅವಳ ಮಾತ್ರೆಗೆ ಆಗುತ್ತಿತ್ತು. ನಾಲ್ಕು ತಿಂಗಳಿಂದ ಅದು ನಿಂತೇ ಹೋಗಿತ್ತು. ಎಲ್ಲಿ ಕೇಳಿದರೂ ನಾಳೆ ಬಾ ಅನ್ನುತ್ತಿದ್ದರು.

ಪಕ್ಕದ ಮನೆಯವರು ನಿಮ್ಮ ಸೇವಾ ಸಂಸ್ಥೆಯ ಕೋಣೆ ತೋರಿಸಿದರು, ಸಂಜೆ ಮಕ್ಕಳಿಗೆ ಪಾಠ ನಡೆಯುತ್ತದಲ್ಲ, ಅದೇ. ನೀವು ಪಾಸ್‌ಬುಕ್ಕು, ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಒಂದರಲ್ಲಿ ಅಪ್ಪನ ಹೆಸರು ಸೇರಿದೆ ಇನ್ನೊಂದರಲ್ಲಿ ಇಲ್ಲ, ಖಾತೆಗೆ ಆಧಾರ್ ಜೋಡಣೆಯೂ ಆಗಿಲ್ಲ ಅಂತ ಹತ್ತೇ ನಿಮಿಷದಲ್ಲಿ ಹಿಡಿದುಬಿಟ್ಟಿರಿ. ಸುಮ್ನೆ ಅರ್ಜಿ ಬರೆದುಕೊಟ್ಟು ಕಳಿಸಲಿಲ್ಲ. ಆ ಬಿಸಿಲಲ್ಲಿ ಬ್ಯಾಂಕಿಗೂ ತಾಲ್ಲೂಕು ಕಚೇರಿಗೂ ಜೊತೆಗೆ ಬಂದಿರಿ, ಆಟೋ ದುಡ್ಡು ಕೊಡಲೂ ಬಿಡಲಿಲ್ಲ.

ಅವ್ವನಿಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಬೇರೆ. ಪ್ರತಿ ಸಾಲನ್ನೂ ಓದಿ ಹೇಳಿ, ಅರ್ಥ ಆಯಿತಾ ಅಂತ ಕೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿದಿರಿ ಅಲ್ವಾ, ಅದು. ಇಷ್ಟು ವರ್ಷದಲ್ಲಿ ಯಾರೂ ಹಾಗೆ ಓದಿ ಹೇಳಿರಲಿಲ್ಲವಂತೆ.

ಹೋದ ವಾರ ದುಡ್ಡು ಬಂತು ಅಕ್ಕಾ. ತುಂಬಾ ತುಂಬಾ ಧನ್ಯವಾದ. ಅವ್ವ ನಿಮಗೆ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಮಾಡಿ ಹಾಕಬೇಕಂತೆ. ಭಾನುವಾರ ಮನೆಗೆ ಬನ್ನಿ.