ಬಿಯರಿಗೆ ಅದ್ದುವ ರಾಡ್ ಯಾವುದು ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಿಸಿ ಬಿಯರ್ ಬಗ್ಗೆ ಬಂದ ಬರಹ ಓದಿದೆ. ಅಮೆರಿಕದ ಹಳೆ ಹೆಂಡದಂಗಡಿಗಳಲ್ಲಿ ಚಳಿಗೆ ಕುಡಿಯುತ್ತಿದ್ದ ‘ಫ್ಲಿಪ್’ ಮಾಡುವ ಕ್ರಮ ಚೆನ್ನಾಗಿಯೇ ಇತ್ತು. ಬಿಯರ್, ರಮ್, ಬೆಲ್ಲ, ಮೊಟ್ಟೆ. ಕೊನೆಗೆ ‘ಕೆಂಪಗೆ ಕಾಯಿಸಿದ ಕಬ್ಬಿಣದ ರಾಡ್ ಅದ್ದಿ’ ಅಂತ ಒಂದೇ ಸಾಲು. ಯಾವ ರಾಡ್ ಅಂತ ಇರಲಿಲ್ಲ. ಆ ಸಾಲಿಗಾಗಿಯೇ ಈ ಪತ್ರ.

ನಾನು ಬೈಕಂಪಾಡಿಯಲ್ಲಿ 31 ವರ್ಷದಿಂದ ವೆಲ್ಡಿಂಗ್ ಕೆಲಸ ಮಾಡುವವನು. ಬರಹ ಬಂದ ಎರಡನೇ ದಿನ ನಮ್ಮ ಪಕ್ಕದ ಮನೆಯ ಹುಡುಗ ಶೆಡ್ಡಿಗೆ ಬಂದ. ಮೂಲೆಯ ಕಟ್ಟಿಂಗ್ ತುಂಡುಗಳ ರಾಶಿಯಲ್ಲಿ ಹುಡುಕಿ ಹುಡುಕಿ ಒಂದೂವರೆ ಅಡಿಯ ತುಂಡೊಂದು ಎತ್ತಿಕೊಂಡ. ‘ಅಣ್ಣ, ಇದು ಕೊಡಿ, ಬಿಯರಿಗೆ ಹಾಕಲಿಕ್ಕೆ. ಇದಕ್ಕೆ ತುಕ್ಕೇ ಇಲ್ಲ, ಫಳಫಳ ಅಂತಿದೆ’ ಅಂದ. ನೋಡಿದರೆ ಜಿ.ಐ. (ಗ್ಯಾಲ್ವನೈಸ್ಡ್ ಐರನ್) ರಾಡ್! ಅದರ ಫಳಫಳವೇ ಸತುವಿನ ಲೇಪ. ನನ್ನ ಎದೆ ಧಸಕ್ಕೆಂದಿತು. ಅವನು ಶೆಡ್ಡಿಗೆ ಬಂದದ್ದಕ್ಕೆ ಗೊತ್ತಾಯಿತು. ಮನೆಯಲ್ಲೇ ಸಿಕ್ಕಿದ ತುಂಡನ್ನು ಕಾಯಿಸಿದವರು ಎಷ್ಟು ಜನವೋ.

ಸತು 420 ಡಿಗ್ರಿ ಹತ್ತಿರ ಕರಗುತ್ತದೆ, 907ಕ್ಕೆ ಕುದಿದು ಆವಿಯಾಗುತ್ತದೆ. ಕಬ್ಬಿಣ ಕೆಂಪು ದಾಟಿ ಕಿತ್ತಳೆ ಬಣ್ಣಕ್ಕೆ ತಿರುಗುವ ಹೊತ್ತಿಗೆ ಬಿಳಿ ಹೊಗೆ ಏಳುತ್ತದೆ. ಕೆಲಸ ಕಲಿಯುವ ಕಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಕೂತು ಇಡೀ ದಿನ ಜಿ.ಐ. ಪೈಪ್ ವೆಲ್ಡ್ ಮಾಡಿದ್ದೆ. ಸಂಜೆ ಬಾಯೆಲ್ಲ ಒಂಥರಾ ಸಿಹಿ. ರಾತ್ರಿ ಎರಡು ಕಂಬಳಿ ಹೊದ್ದರೂ ನಿಲ್ಲದ ನಡುಕ, ಜ್ವರ, ಎದೆ ಬಿಗಿತ. ಮರುದಿನ ಇಳಿಯಿತು, ಆದರೆ ಆ ರಾತ್ರಿ ಇನ್ನೂ ನೆನಪಿದೆ. ಕುಡಿಯುವುದಕ್ಕಂತೂ ಅದು ಬೇಡವೇ ಬೇಡ. ಬಿಯರ್ ಹುಳಿ ಪದಾರ್ಥ, ಹುಳಿಗೆ ಸತು ಬಿಟ್ಟುಕೊಳ್ಳುತ್ತದೆ. ಜಿ.ಐ. ಬಕೆಟ್ಟಿನಲ್ಲಿ ಹುಣಸೆ ಹುಳಿ ಇಡಬಾರದು ಅಂತ ನಮ್ಮ ಮನೆ ಹೆಂಗಸರಿಗೆ ಗೊತ್ತು. ಇದೂ ಅದೇ ಲೆಕ್ಕ. ಕ್ರೋಮ್ ಹಾಕಿದ ರಾಡ್, ಪೈಂಟ್ ಬಳಿದ ರಾಡ್, ಎಣ್ಣೆ ಕುಡಿದ ಹಳೆ ಸರಳು ಕೂಡ ಬೇಡ.

ಹಾಗಂತ ಬಿಸಿ ಬಿಯರೇ ಬೇಡ ಅನ್ನುವವನಲ್ಲ ನಾನು. ಹೋದ ವರ್ಷ ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು, ಜುಲೈ-ಆಗಸ್ಟ್) ಅಕ್ಕನ ಮಗ ಬಾಸ್ಟನ್‌ನಿಂದ ಬಂದಿದ್ದ. ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಎಂಥ ಚಳಿ? ನಮಗೆ ಚಳಿ ಅಂದರೆ ಆಟಿಯೇ ಅಲ್ವಾ. ಎಂಟು ದಿನ ಬಿಡದೆ ಮಳೆ, ಒಣಗದ ಬಟ್ಟೆ, ತೇವ ಬಿಟ್ಟ ಗೋಡೆ. ‘ಮಾವ, ನನಗೊಂದು ಲಾಗರ್‌ಹೆಡ್ ಮಾಡಿಕೊಡಿ’ ಅಂದ. ಹಾಗಂದರೆ ತುದಿಯಲ್ಲಿ ಉಂಡೆ ಇರುವ ಉದ್ದ ಕಬ್ಬಿಣವಂತೆ. ಹಡಗಿನವರು ಡಾಂಬರು ಕರಗಿಸಲಿಕ್ಕೂ ಅದನ್ನೇ ಬಳಸುತ್ತಿದ್ದರಂತೆ.

20 ಎಂ.ಎಂ.ನ ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್) 304 ರಾಡ್ ತೆಗೆದುಕೊಂಡೆ, ಎರಡಡಿ ಉದ್ದ. ಅದಕ್ಕೆ ಲೇಪವೇ ಇಲ್ಲ, ತುಕ್ಕೂ ಸುಲಭಕ್ಕೆ ಹಿಡಿಯುವುದಿಲ್ಲ. ಬೆಸುಗೆ ಹಾಕಿ ಉಂಡೆ ಕೂರಿಸಲಿಲ್ಲ. ಬೆಸುಗೆಯ ಸಂದಿಯಲ್ಲಿ ಕಸ ನಿಂತರೆ ಯಾರು ತೆಗೆಯುವುದು? ತುದಿಯನ್ನೇ ಕಾಯಿಸಿ ಬಡಿದು ದಪ್ಪ ಮಾಡಿದೆ. ಹಿಡಿಗೆ ಮರ. ಕಾಯಿಸಲು ಗೆರಟೆ ಕೆಂಡ. ಗ್ಯಾಸ್ ಕಟ್ಟರ್ ಹಚ್ಚಲು ಹೋಗಬೇಡಿ, ಮಸಿ ಕೂರಬಹುದು.

ದಪ್ಪ ಸ್ಟೀಲ್ ಚೆಂಬಿಗೆ ಒಂದು ಬಾಟಲಿ ಬಿಯರ್ ಸುರಿದೆವು, 650 ಎಂ.ಎಲ್.ನದ್ದು. ಚೆಂಬು ಅರ್ಧದಷ್ಟು ಖಾಲಿ ಇರಲೇಬೇಕು. ಗಾಜಿನ ಪಾತ್ರೆ ಬೇಡ, ಒಡೆಯುತ್ತದೆ. ನಿಂಬೆ ಗಾತ್ರದ ಓಲೆಬೆಲ್ಲ ಪುಡಿ ಮಾಡಿ ಹಾಕಿದೆವು. ರಾಡನ್ನು ವೈರ್ ಬ್ರಶ್‌ನಲ್ಲಿ ಒಮ್ಮೆ ಉಜ್ಜಿ ಬೂದಿ ಕೊಡವಿ ಮೆಲ್ಲ ಇಳಿಸಿದೆ. ಚುಂಯ್ ಅಂತ ಸದ್ದು, ನೊರೆ ಚೆಂಬಿನ ಬಾಯಿಯವರೆಗೆ ಎದ್ದು ನಿಂತಿತು. ಬೆಲ್ಲ ಕರಟಿದ ಪರಿಮಳ ಶೆಡ್ಡೆಲ್ಲ ತುಂಬಿತು.

ಆ ಸದ್ದು ಕೇಳಿ ನನಗೆ ಅಮ್ಮ ನೆನಪಾದರು. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ (ಹಾಲೆ) ಮರದ ತೊಗಟೆಯ ಕಷಾಯಕ್ಕೆ ಅವರು ಬೆಳ್ಳುಳ್ಳಿ, ಓಮ, ಕರಿಮೆಣಸು ಅರೆದು ಹಾಕುತ್ತಿದ್ದರು. ಆಮೇಲೆ ಒಲೆಯಲ್ಲಿ ಕಾಯಿಸಿದ ಬಿಳಿ ಬೆಣಚುಕಲ್ಲನ್ನು ಇಕ್ಕಳದಲ್ಲಿ ಹಿಡಿದು ಅದರೊಳಗೆ ಬಿಡುತ್ತಿದ್ದರು. ಇದೇ ಚುಂಯ್. ಒಲೆಯ ಮೇಲೆ ಕುದಿಸಿದ್ದಕ್ಕೆ ಆ ರುಚಿ ಬರುವುದಿಲ್ಲ. ಕಲ್ಲು ತಾಗಿದಲ್ಲಿ ಮಾತ್ರ ರಸ ಸುಡುತ್ತದೆ, ಉಳಿದದ್ದು ಬರೀ ಬಿಸಿಯಾಗುತ್ತದೆ. ರಾಡಿನ ಕೆಲಸವೂ ಅದೇ. ಅಮ್ಮನ ಇನ್ನೊಂದು ಕಟ್ಟುನಿಟ್ಟು ಇತ್ತು. ತೊಗಟೆ ತರಲು ಮರ ಗುರುತಿದ್ದವರೇ ಹೋಗಬೇಕು. ಪಾಲೆ ಅಂತ ಕಾಸರಕದ ತೊಗಟೆ ತಂದರೆ ಜೀವಕ್ಕೇ ಕುತ್ತು.

ಇನ್ನು ಮೊಟ್ಟೆ. ಕಾದ ಬಿಯರಿಗೆ ನೇರ ಒಡೆದು ಹಾಕಿದರೆ ಬುರ್ಜಿಯಾಗುತ್ತದೆ. ಎರಡು ಮೊಟ್ಟೆ, 60 ಎಂ.ಎಲ್. ರಮ್ ಬೇರೆ ಪಾತ್ರೆಯಲ್ಲಿ ಚೆನ್ನಾಗಿ ಕದಡಿ. ರಾಡ್ ತೆಗೆದ ಮೇಲೆ ಒಂದು ನಿಮಿಷ ಬಿಟ್ಟು, ಕಲಕುತ್ತಲೇ ಬಿಸಿ ಬಿಯರನ್ನು ಸಣ್ಣ ಧಾರೆಯಲ್ಲಿ ಮೊಟ್ಟೆಗೆ ಸುರಿಯಿರಿ. ಕೆಂಡದಂಥ ಕಬ್ಬಿಣದ ಹತ್ತಿರ ರಮ್ ಬಾಟಲಿ ತರಲೇಬೇಡಿ. ಆಮೇಲೆ ಹೋಟೆಲಿನಲ್ಲಿ ಚಾ ಎತ್ತಿ ಹೊಯ್ಯುತ್ತಾರಲ್ಲ, ಹಾಗೆ ಎರಡು ಚೆಂಬಿನಲ್ಲಿ ಆರೇಳು ಸಲ ಆಚೆ ಈಚೆ. ನುಣ್ಣಗೆ ಕೆನೆಯ ಹಾಗೆ ಬರುತ್ತದೆ. ಮೇಲೆ ಜಾಯಿಕಾಯಿ ತುರಿದರೆ ಮುಗಿಯಿತು. ಬಿಯರ್ ಕಪ್ಪು ಬಣ್ಣದ್ದು, ಕಹಿ ಕಡಿಮೆ ಇರುವುದು ಒಳ್ಳೆಯದು. ಕಹಿ ಜಾಸ್ತಿ ಇದ್ದರೆ ಬಿಸಿಯಾದ ಮೇಲೆ ಇನ್ನೂ ಮುಂದೆ ಬರುತ್ತದೆ. ನಾವು ನಾಲ್ಕು ಜನ ದೊಡ್ಡವರು ಸಣ್ಣ ಸಣ್ಣ ಲೋಟದಲ್ಲಿ ಹಂಚಿಕೊಂಡೆವು. ಹೊರಗೆ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಭಾವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತುಂಬಾ ಹೊತ್ತು ಮಾತೇ ಆಡಲಿಲ್ಲ.

ಪಕ್ಕದ ಮನೆಯ ಹುಡುಗನಿಗೆ ಈಗ ಎಸ್.ಎಸ್. ರಾಡ್ ಒಂದು ಮಾಡಿಕೊಟ್ಟಿದ್ದೇನೆ, ದುಡ್ಡು ತೆಗೆದುಕೊಳ್ಳಲಿಲ್ಲ. ಆದರೆ ನಿಮ್ಮ ಪುರವಣಿ ಓದುವವರು ಎಲ್ಲೆಲ್ಲೋ ಇದ್ದಾರೆ. ಬರುವ ಭಾನುವಾರ ಅದೇ ಪುಟದಲ್ಲಿ ಇಷ್ಟು ಹಾಕಿ, ಸಾರ್: ಜಿ.ಐ. ಬೇಡ, ಲೇಪ ಇರುವ ಯಾವುದೂ ಬೇಡ, ರಾಡ್ ಯಾವುದೆಂದು ಗೊತ್ತಾಗದಿದ್ದರೆ ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ತೋರಿಸಿ ಕೇಳಿ.

ಇತಿ,
ಒಬ್ಬ ವೆಲ್ಡರ್
ಬೈಕಂಪಾಡಿ, ಮಂಗಳೂರು