ಕ್ಯಾನ್ವಾಸ್ ಮೇಲೆ ಅಮ್ಮನ ಮುಗ್ಗು: ಗೆಳೆಯನಿಗೊಂದು ಪತ್ರ

ಚಿಕ್ಕಬಳ್ಳಾಪುರ

ಪ್ರೀತಿಯ ಗೆಳೆಯಾ,

ಹೊಸ ಮನೆಯ ಫೋಟೋ ನೋಡಿದೆ. ಹಾಲ್ ದೊಡ್ಡದಾಗಿದೆ, ಬೆಳಕೂ ಚೆನ್ನಾಗಿ ಬರುತ್ತದೆ. ಆದರೆ ಆ ಬಿಳಿ ಟೈಲ್ಸ್ ಮೇಲೆ ಕಾಲಿಟ್ಟರೆ ಯಾವುದೋ ಆಫೀಸಿಗೆ ಬಂದ ಹಾಗಾಗುತ್ತದೆ ಅಂತ ಬರೆದಿದ್ದೀಯ. ಕಾರ್ಪೆಟ್ ಹಾಕೋಣ ಅಂದರೆ ಮಗುವಿಗೆ ಧೂಳು ಆಗುವುದಿಲ್ಲ. ಹೋದ ಸಲ ನಮ್ಮ ನಡುಮನೆಯಲ್ಲಿ ನೋಡಿದ ಬಣ್ಣದ ಹಾಸು ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀಯ. ಅದು ಕೊಂಡದ್ದಲ್ಲ ಕಣೋ, ನಾನೇ ಮಾಡಿದ್ದು. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಇನ್ನೂ ನಾಲ್ಕು ಜನ ಕೇಳಿದ್ದರು, ಅದಕ್ಕೇ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ.

ಅದು ದಪ್ಪ ಹತ್ತಿ ಕ್ಯಾನ್ವಾಸ್. ಡೇರೆಗೆ ಬಳಸುತ್ತಾರಲ್ಲ, ಅಂಥ ಬಟ್ಟೆ. ಅದಕ್ಕೆ ಬಣ್ಣ ಬಳಿದು, ಅಚ್ಚು (ಚಿತ್ತಾರ ಕೊರೆದ ಹಾಳೆ, ಸ್ಟೆನ್ಸಿಲ್) ಇಟ್ಟು ಚಿತ್ತಾರ ತೆಗೆದು, ಮೇಲೆ ವಾರ್ನಿಷ್ ಹೊಡೆದರೆ ಹಾಸು ಸಿದ್ಧ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಧೂಳು ಹೊಕ್ಕು ಕೂರುವುದಕ್ಕೆ ಅದರಲ್ಲಿ ಜಾಗವೇ ಇಲ್ಲ.

ಇದು ನಾನು ಕಂಡುಹಿಡಿದದ್ದೇನಲ್ಲ. ಇಂಗ್ಲೆಂಡಿನಲ್ಲಿ 18ನೇ ಶತಮಾನದಲ್ಲೇ ಇದೊಂದು ದೊಡ್ಡ ಕಸುಬಾಗಿತ್ತು. ಕ್ಯಾನ್ವಾಸಿಗೆ ಅಗಸೆ ಎಣ್ಣೆಯ ಬಣ್ಣವನ್ನು ಪದರದ ಮೇಲೆ ಪದರ ಬಳಿದು ತಿಂಗಳುಗಟ್ಟಲೆ ಒಣಗಿಸುತ್ತಿದ್ದರು. ಕಪ್ಪು ಬಿಳಿ ಚೌಕಗಳನ್ನು ಬರೆದು, ನೆಲಕ್ಕೆ ಅಮೃತಶಿಲೆ ಹಾಕಿದ ಹಾಗೆ ಕಾಣುವಂತೆ ಮಾಡುತ್ತಿದ್ದರು. ಅಮೆರಿಕದಲ್ಲಿ ಥಾಮಸ್ ಜೆಫರ್ಸನ್ ಅಧ್ಯಕ್ಷರಾಗಿದ್ದಾಗ ಶ್ವೇತಭವನದ ಊಟದ ಕೋಣೆಯಲ್ಲೂ ಹಸಿರು ಬಣ್ಣದ ಕ್ಯಾನ್ವಾಸ್ ಹಾಸು ಇತ್ತು. ಸ್ಕಾಟ್ಲೆಂಡಿನ ಕರ್ಕಾಡಿಯಲ್ಲಿ ಮೈಕೆಲ್ ನೇರ್ನ್ 1847ರಲ್ಲಿ ಇದಕ್ಕೆಂದೇ ಕಾರ್ಖಾನೆ ಕಟ್ಟಿದ. ಆಮೇಲೆ 1860ರ ದಶಕದಲ್ಲಿ ಫ್ರೆಡರಿಕ್ ವಾಲ್ಟನ್ ಅದೇ ಅಗಸೆ ಎಣ್ಣೆಯಿಂದ ಲಿನೋಲಿಯಂ ಅನ್ನುವ ನೆಲಹಾಸು ಮಾಡಿದ. ಕ್ಯಾನ್ವಾಸ್ ಹಾಸು ಮೂಲೆ ಸೇರಿತು.

ಅವರು ತಮಗೆ ಬೇಕಾದ ಅಮೃತಶಿಲೆಯನ್ನು ಬಟ್ಟೆಯ ಮೇಲೆ ಬರೆದುಕೊಂಡರು. ನನಗೆ ಬೇಕಾಗಿದ್ದದ್ದು ಚಿಂತಾಮಣಿ ಕಡೆಯ ಅಜ್ಜಿ ಮನೆಯ ನೆಲ. ಕೆಂಪು ರೆಡ್ ಆಕ್ಸೈಡ್ ನೆಲ, ಅದರ ಮೇಲೆ ಹಬ್ಬದ ದಿನ ಬಿಳಿ ಎಳೆ. ನಮ್ಮ ಕಡೆ ಅರ್ಧ ಜನ ಮನೆಯಲ್ಲಿ ತೆಲುಗು ಮಾತಾಡುವವರು, ನಿನಗೆ ಗೊತ್ತಲ್ಲ. ಅಮ್ಮ ಇವತ್ತಿಗೂ ರಂಗೋಲಿಗೆ ಮುಗ್ಗು ಅಂತಲೇ ಅನ್ನುತ್ತಾಳೆ. ಮದುವೆಗೆ ಮುಂಚೆ ಅವಳು ಮುಗ್ಗು ಬರೆದಿಟ್ಟ ನೋಟ್‌ಬುಕ್ ಒಂದಿದೆ. ಪೆನ್ಸಿಲ್ ಚುಕ್ಕಿ, ಮೇಲೆ ನೀಲಿ ಇಂಕಿನ ಎಳೆ, ಪುಟದ ತುದಿಯಲ್ಲಿ ‘ಸಂದು ಚುಕ್ಕಿ, 7ರಿಂದ 4’ ಅಂತ ಪುಟ್ಟ ಅಕ್ಷರ. ಅಂದರೆ ಒಂದು ಸಾಲಿನ ಚುಕ್ಕಿ ಪಕ್ಕದ ಸಾಲಿನ ಸಂದಿಗೆ ಬರುವ ಹಾಗೆ ನಡುವೆ ಏಳು ಚುಕ್ಕಿ, ಮೇಲೂ ಕೆಳಗೂ ಆರು, ಐದು, ನಾಲ್ಕು. ಒಟ್ಟು 37. ಅದನ್ನೇ ಆರಿಸಿಕೊಂಡೆ.

ಅಮ್ಮ ಮೊದಲು ಒಪ್ಪಲಿಲ್ಲ. ಮುಗ್ಗು ಬರೆದು ತುಳಿಯುವುದೇ ಅಂದಳು. ಎರಡು ದಿನ ಬಿಟ್ಟು ಅವಳೇ ಹೇಳಿದಳು: ‘ಬಾಗಿಲ ಮುಂದೆ ಹಾಕಿದ್ದೂ ಮಧ್ಯಾಹ್ನದ ಹೊತ್ತಿಗೆ ಓಡಾಡುವವರ ಕಾಲಲ್ಲೇ ಅಳಿಸಿಹೋಗುತ್ತದೆ, ಬರಿ. ಆದರೆ ಶ್ರೀ, ಸ್ವಸ್ತಿಕ, ಲಕ್ಷ್ಮಿ ಪಾದ ಬೇಡ.’ ಈ ಮಾತನ್ನು ನೀನೂ ಪಾಲಿಸು. ಬಳ್ಳಿ, ಹೂವು, ಎಳೆ ಇದ್ದರೆ ಬೇಕಾದಷ್ಟಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಚ್ಚು ಕೊಯ್ಯಲು ಹಳೇ ಎಕ್ಸ್‌ರೇ ಹಾಳೆ ತಗೊಂಡೆ. ಬ್ಲೀಚಿಂಗ್ ಪೌಡರ್ ಕಲಸಿದ ನೀರಲ್ಲಿ ನೆನೆಸಿ ಉಜ್ಜಿದರೆ ಕಪ್ಪು ಬಿಟ್ಟುಕೊಂಡು ಹಾಳೆ ತಿಳಿಯಾಗುತ್ತದೆ. ಕೈಗೆ ಗ್ಲೌಸ್ ಹಾಕಿಕೋ. ನೋಟ್‌ಬುಕ್ಕಿನ ಮುಗ್ಗನ್ನು ದೊಡ್ಡದು ಮಾಡಿ ಕೆಳಗಿಟ್ಟು, ಎಳೆಯ ಎರಡೂ ಅಂಚಲ್ಲಿ ಬ್ಲೇಡ್ ಆಡಿಸುತ್ತಾ ಹೋದೆ. ಒಂದು ಚುಕ್ಕಿಯನ್ನು ಸುತ್ತಿ ಬ್ಲೇಡ್ ಹೊರಟ ಜಾಗಕ್ಕೇ ಬಂತು ನೋಡು, ನಡುವಿನ ತುಂಡು ಟಪ್ ಅಂತ ಉದುರಿತು. ಮುಂದಿನ ಚುಕ್ಕಿಯೂ ಅಷ್ಟೇ. ಮೂರು ಗಂಟೆಯ ಕೆಲಸ, ಕೈಯಲ್ಲಿ ಉಳಿದದ್ದು ಒಂದು ದೊಡ್ಡ ತೂತು. ಮುಗ್ಗಿನ ಎಳೆ ಎಲ್ಲೂ ಕಡಿಯುವುದಿಲ್ಲ, ಅದೇ ಅದರ ಚೆಂದ. ಅಚ್ಚಿನಲ್ಲಿ ಮಾತ್ರ ಕಡಿಯದ ಎಳೆ ನಿಲ್ಲುವುದಿಲ್ಲ.

ಆ ವಾರ ನೆಂಟರನ್ನು ಕರೆದುಕೊಂಡು ನಂದಿ ಗ್ರಾಮದ ಭೋಗನಂದೀಶ್ವರನ ಗುಡಿಗೆ ಹೋಗಿದ್ದೆ. ಎಷ್ಟು ಸಲ ಹೋಗಿದ್ದೇವೆ ನಾವಿಬ್ಬರೂ! ಗೋಡೆಯ ಕಲ್ಲಿನ ಜಾಲಂಧ್ರಗಳನ್ನು, ಅಂದರೆ ಕಲ್ಲಲ್ಲೇ ಕೊರೆದ ಜಾಲರಿ ಕಿಟಕಿಗಳನ್ನು, ಅವತ್ತು ಮೊದಲ ಸಲ ಸರಿಯಾಗಿ ನೋಡಿದೆ. ಒಂದರಲ್ಲಿ ಕುಣಿಯುವ ಶಿವ, ಇನ್ನೊಂದರಲ್ಲಿ ಮಹಿಷನ ತಲೆಯ ಮೇಲೆ ನಿಂತ ದುರ್ಗೆ. ಸುತ್ತ ಕಲ್ಲು ಕೊರೆದು ಬೆಳಕಿಗೆ ದಾರಿ ಬಿಟ್ಟಿದ್ದಾರೆ. ಆದರೆ ಮೂರ್ತಿ ಎಲ್ಲೋ ಒಂದು ಕಡೆ ಚೌಕಟ್ಟನ್ನು ಹಿಡಿದುಕೊಂಡೇ ಇದೆ. ಆ ಹಿಡಿತ ಇಲ್ಲದಿದ್ದರೆ ಕಲ್ಲು ಕಳಚಿ ಬೀಳುತ್ತದೆ. ಸಾವಿರ ವರ್ಷದ ಹಿಂದಿನ ಆ ಶಿಲ್ಪಿಗೂ ನನ್ನದೇ ಕಷ್ಟ ಇತ್ತು. ಅವನು ಆ ಹಿಡಿತವನ್ನು ಮುಚ್ಚಿಡಲು ಹೋಗಲಿಲ್ಲ, ಚಿತ್ತಾರದೊಳಗೇ ಸೇರಿಸಿಕೊಂಡ. ನಾನು ಕಿಟಕಿಯ ಮುಂದೆ ಬಹಳ ಹೊತ್ತು ನಿಂತುಬಿಟ್ಟೆ. ನೆಂಟರು ಕಲ್ಯಾಣಿ ಸುತ್ತಿ ವಾಪಸ್ಸು ಬಂದರು.

ಮನೆಗೆ ಬಂದು ಮುಗ್ಗನ್ನು ಹೊಸದಾಗಿ ಬರೆದೆ. ಪ್ರತಿ ಸುತ್ತಿನಲ್ಲೂ ಎರಡು ಕಡೆ ಗೋಧಿ ಕಾಳಿನಷ್ಟು ಜಾಗ ಕೊಯ್ಯದೆ ಬಿಟ್ಟೆ. ಎರಡು ಅಚ್ಚು ಮಾಡಿ, ಒಂದರ ಸಂದನ್ನು ಇನ್ನೊಂದು ಮುಚ್ಚುವ ಹಾಗೆ ಮಾಡಬಹುದು. ಬ್ರಷ್ಷಿನಲ್ಲಿ ಆಮೇಲೆ ತುಂಬಲೂಬಹುದು. ನೀನು ಹಾಗೆ ಮಾಡಬೇಡ. ಆ ಸಂದುಗಳು ಒಂದೇ ಸಮನೆ ಬಂದರೆ ಎಳೆ ಉಸಿರಾಡಿದ ಹಾಗೆ ಕಾಣುತ್ತದೆ. ಅಮ್ಮನಿಗೂ ಅದೇ ಇಷ್ಟವಾಯಿತು.

ಉಳಿದದ್ದು ತಾಳ್ಮೆಯ ಕೆಲಸ. ನಿನಗೆ 3 ಅಡಿಗೆ 5 ಅಡಿ ಹಾಸು ಬೇಕಾದರೆ ಬಟ್ಟೆಯನ್ನು ಸುತ್ತಲೂ ಮೂರು ಇಂಚು ಜಾಸ್ತಿ ಬಿಟ್ಟು ಕತ್ತರಿಸು. ಪ್ರೈಮರ್ ಕುಡಿದ ಕ್ಯಾನ್ವಾಸ್ ಕುಗ್ಗುತ್ತದೆ, ಅಂಚಿಗೆ ಒಂದು ಇಂಚು ಮಡಚುವುದೂ ಇದೆ. ಪ್ರೈಮರ್ ಎರಡೂ ಬದಿಗೆ ಬೇಕು. ಒಂದೇ ಬದಿಗೆ ಬಳಿದರೆ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ಒಣಗಿದ ಮೇಲೆ ಅಂಚನ್ನು ಮಡಚಿ ಅಂಟಿಸಿ, ಮೇಲ್ಬದಿಗೆ ಇಟ್ಟಿಗೆ ಕೆಂಪು ಎರಡು ಕೋಟ್ ಕೊಡು. ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಬಿಗಿಯಾಗಿ ಹಿಡಿದು ಮೀಟಿದರೆ ನೇರ ಗೆರೆ ಬೀಳುತ್ತದೆ. ಅಚ್ಚನ್ನು ನಡುವಿನಿಂದ ಶುರು ಮಾಡು. ಮೂಲೆಯಿಂದ ಹೊರಟರೆ ಆ ಕಡೆಯ ಮೂಲೆಯಲ್ಲಿ ಅರ್ಧ ಹೂವು ಉಳಿಯುತ್ತದೆ.

ಬಣ್ಣ ಹಾಕುವಾಗ ಬ್ರಷ್ಷಿನಲ್ಲಿ ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟೇ ಇರಬೇಕು. ಕತ್ತರಿಸಿದ ಗಿಡ್ಡ ಬ್ರಷ್ಷಿಗೆ ಬಣ್ಣ ಮುಟ್ಟಿಸಿ, ಹಳೇ ಪೇಪರಿನ ಮೇಲೆ ಒತ್ತಿ ಒತ್ತಿ ತೆಗೆದು, ಆಮೇಲೆ ಅಚ್ಚಿನ ಮೇಲೆ ನೆಟ್ಟಗೆ ಕುಟ್ಟು. ಎಳೆಯಬೇಡ, ಎಳೆದರೆ ಬಣ್ಣ ಅಚ್ಚಿನ ಅಡಿಗೆ ನುಗ್ಗುತ್ತದೆ. ಅಚ್ಚನ್ನು ಮೇಲೆತ್ತಿದಾಗ ಕೆಂಪಿನ ಮೇಲೆ ಬಿಳಿ ಎಳೆ ಚೊಕ್ಕವಾಗಿ ಕೂತಿರುತ್ತದೆ ನೋಡು, ಆ ಖುಷಿಗೇ ಇನ್ನೊಂದು ಸಾಲು ಹಾಕೋಣ ಅನ್ನಿಸುತ್ತದೆ.

ವಾರ್ನಿಷ್ ವಿಷಯದಲ್ಲಿ ಮಾತ್ರ ನನ್ನ ತಪ್ಪು ನೀನು ಮಾಡಬೇಡ. ಮೊದಲು ಮಾಡಿದ ಹಾಸಿನ ಮೇಲೆ ಹೊಡೆಯಲು ಅಂಗಡಿಯವರೊಬ್ಬರು ಇದೇ ಗಟ್ಟಿ ಅಂತ ಎಣ್ಣೆ ವಾರ್ನಿಷ್ ಕೊಟ್ಟರು. ಕೆಲವೇ ತಿಂಗಳಲ್ಲಿ ಬಿಳಿ ಎಳೆಗಳೆಲ್ಲ ಅರಿಶಿನದ ಬಣ್ಣಕ್ಕೆ ತಿರುಗಿದವು. ಅಮ್ಮನ ಮುಗ್ಗು ಕಣ್ಣೆದುರೇ ಮಾಸಿದ್ದು ನೋಡಿ ತುಂಬಾ ಬೇಜಾರಾಯಿತು. ನೀನು ನೋಡಿದ್ದು ಎರಡನೆಯದು. ಎಣ್ಣೆಯ ಬದಲು ನೀರು ಬೆರೆತ (ವಾಟರ್ ಬೇಸ್ಡ್) ಪಾಲಿಯುರೆಥೇನ್ ವಾರ್ನಿಷ್ ಅಂತ ಕೇಳಿ ತಗೊ. ತೆಳುವಾಗಿ ನಾಲ್ಕು ಕೋಟ್ ಹೊಡಿ. ನಡುನಡುವೆ 220 ನಂಬರಿನ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ ಒರೆಸು. ಕೊನೆಯ ಕೋಟ್ ಆದ ಮೇಲೆ ಒಂದು ವಾರ ಯಾರೂ ತುಳಿಯದ ಹಾಗೆ ಬಿಡು. ನಿಮ್ಮದು ನುಣುಪು ಟೈಲ್ಸ್, ಹಾಸಿನ ಅಡಿಗೆ ಜಾರದಂಥ ರಬ್ಬರ್ ಬಲೆ ಹಾಕಲೇಬೇಕು, ಮಗು ಓಡಾಡುತ್ತದೆ. ಎತ್ತಿಡುವಾಗ ಮಡಚಬೇಡ, ಬಣ್ಣ ಬಿರಿಯುತ್ತದೆ. ಚಿತ್ತಾರ ಹೊರಗೆ ಬರುವ ಹಾಗೆ ಕೊಳವೆಗೆ ಸುತ್ತಿಡು.

ಅಮ್ಮನಿಗೆ ಈಗ ಮಂಡಿ ನೋವು, ಬಗ್ಗಲು ಆಗುವುದಿಲ್ಲ. ಶುಕ್ರವಾರ ಮಾತ್ರ ಹಟ ಹಿಡಿದು ಹೊಸಲಿನ ಮುಂದೆ ನಾಲ್ಕು ಎಳೆ ಎಳೆಯುತ್ತಾಳೆ. ಅದು ಅವಳದ್ದು, ಅದರ ಜಾಗಕ್ಕೆ ಈ ಹಾಸು ಬರುವುದಿಲ್ಲ. ಆದರೆ ಸಂಜೆ ಕುರ್ಚಿಯಲ್ಲಿ ಕೂತಾಗ ಅವಳ ಹೆಬ್ಬೆರಳು ಹಾಸಿನ ಮೇಲೆ ಸುಮ್ನೆ ಎಳೆಯ ಜೊತೆ ಸುತ್ತುತ್ತಿರುತ್ತದೆ. ಸಂದು ಬಂದಲ್ಲಿ ನಿಲ್ಲುವುದಿಲ್ಲ, ದಾಟಿ ಹೋಗುತ್ತದೆ.

ಮುಂದಿನ ಭಾನುವಾರ ಬಾ. ಬೆಳಿಗ್ಗೆ ಬಿಸಿಲೇರುವ ಮುಂಚೆ ನಂದಿಗೆ ಹೋಗಿ ಆ ಕಿಟಕಿ ನೋಡೋಣ, ಆಮೇಲೆ ಮನೆಯಲ್ಲಿ ಕೂತು ನಿನ್ನ ಹಾಸಿನ ಅಚ್ಚು ಕೊಯ್ಯೋಣ. ನಿಮ್ಮಮ್ಮನ ಹತ್ತಿರವೂ ಮುಗ್ಗಿನ ನೋಟ್‌ಬುಕ್ ಇರಬೇಕು, ಕೇಳಿ ನೋಡು. ಹಳೇ ಎಕ್ಸ್‌ರೇ ಹಾಳೆ ಇದ್ದರೆ ತಗೊಂಡು ಬಾ, ನನ್ನ ಹತ್ತಿರ ಒಂದೇ ಉಳಿದಿದೆ.

ನಿನ್ನ ಗೆಳೆಯ